ಮಾರ್ಚ್ ತಿಂಗಳ ಸೋಮವಾರ, ವಾಲ್ಪರೈಸೊ

ಅತ್ತಿದ್ದರೆ ಚೆನ್ನಿತ್ತು.
ಚೌಕುಳಿ ಅಂಗಿ ತೊಟ್ಟ ರಯೇನ್
ದ್ರಾಕ್ಷಿಯ ಬೀಜ ಉಗುಳಿದಷ್ಟು ಸಲೀಸಾಗಿ
ನನ್ನ ಬೆರಳು ಬಿಟ್ಟು
ಶಿಶುವಿಹಾರದ ಮರಳಿಗೆ ಓಡಿದಳು.

ಗುಡ್ಡದ ನೆತ್ತಿಯಲ್ಲಿ ನನ್ನ ಯಂತ್ರದ ಕೋಣೆ.
ಹೊರಗೆ ಕಂಬಿಯ ಮೇಲೆ ಮರದ ಡಬ್ಬಿ,
ಒಳಗೆ ಏಳು ಜನ, ಒಂದು ನಾಯಿ.
ಗಾಲಿಗೆ ಎಣ್ಣೆ ಬಿಟ್ಟಾಯಿತು, ಗಂಟೆ ಬಾರಿಸಿಯಾಯಿತು,
ಹಿಡಿಕೆಯ ಮೇಲೆ ಕೈಯೂ ಇದೆ.

ಮೊನ್ನೆಯವರೆಗೂ ತೊಡೆಯೇರಿ ಕೂತು
'ಹೊರಡಪ್ಪಾ' ಅನ್ನುತ್ತಿದ್ದಳು;
ಅನ್ನದಿದ್ದರೆ ಡಬ್ಬಿ ಕದಲುವುದಿಲ್ಲವೆಂದು
ನಾನೇ ನಂಬಿಸಿದ್ದೆ.
ಹೇಳಿ ಹೇಳಿ ನಾನೂ ನಂಬಿದ್ದೆನೇನೋ.

ಕೆಳಗೆ ಬಂದರಿನಲ್ಲಿ ಹಡಗೊಂದು ಕೂಗಿತು.
ಮಣೆಯ ಮೇಲೆ ಅವಳು ಬಿಟ್ಟುಹೋದ ಒಂದೇ ಕಾಲುಚೀಲ.
ಇನ್ನು ನಾಲ್ಕು ತಾಸು.

ಡಬ್ಬಿಯ ಕಿಟಕಿಯಿಂದ ತಲೆ ಹಾಕಿ
ಮೀನು ಮಾರುವ ಎಡುವಿಹಿಸ್ ಮುದುಕಿ,
ಬೈಯಲೆಂದು ಬಾಯಿ ತೆರೆದವಳು, ನನ್ನ ಮುಖ ನೋಡಿ,
ಮೆಲ್ಲಗೆ,
'ಹೊರಡಪ್ಪಾ' ಅಂದಳು.