ಚೌಕಾಸಿ

ಆಬಾದ ಅರಿಯಾರಿಯಾ ಸಂತೆಯಲ್ಲಿ ಚಪ್ಪಲಿ ಹೊಲಿಯುವ ಉಜೋಚಿ
ಯಾರೊಡನೆಯೂ ಚೌಕಾಸಿ ಬಿಟ್ಟವನಲ್ಲ.
ಅಟ್ಟೆಯ ರಬ್ಬರಿಗೆ ಬಿಟ್‌ಕಾಯಿನ್ ಕಳಿಸುವಾಗಲೂ
ಶುಲ್ಕದ ಗೆರೆಯನ್ನು ಬೆರಳಲ್ಲಿ
ಎಡಕ್ಕೆ, ಇನ್ನೂ ಎಡಕ್ಕೆ ಎಳೆದ.

ಹತ್ತು ನಿಮಿಷಕ್ಕೊಂದು ಬಂಡಿ ಹೊರಡುತ್ತದೆ,
ಹೆಚ್ಚು ಕೊಟ್ಟವರು ಮೊದಲು ಹತ್ತುತ್ತಾರೆ.
ಇವನ ಕಾಸು ನಿಲ್ದಾಣದಲ್ಲೇ.
ಯಾರೂ ಬೈಯುವುದಿಲ್ಲ,
ಯಾರೂ ಕರೆಯುವುದಿಲ್ಲ.

ಒಂಬತ್ತು ದಿನ. ಅಂಟಿನ ಡಬ್ಬಿ ಒಣಗಿತು.
"ಕಳಿಸಿದ್ದೀನಿ, ನೋಡು," ಫೋನು ತೋರಿಸಿದ.
"ಕಾಣುತ್ತೆ," ಅಂದಳು ರಬ್ಬರಿನ ಅಡಾಕು, "ಬಂದಿಲ್ಲ."

ಹದಿನೈದನೇ ದಿನ
ಸರದಿಯೇ ಅವನನ್ನು ಮರೆತುಬಿಟ್ಟಿತು.
ಕಾಸು ಅವನಲ್ಲೇ ಇತ್ತು, ಇಡಿಯಾಗಿ,
ಹೋಗದ್ದರಿಂದ ಮರಳಿಯೂ ಬಾರದೆ.

ಈಗ ಮತ್ತೆ ಬೆರಳು ಗೆರೆಯ ಮೇಲಿದೆ.
ಪಕ್ಕದಲ್ಲಿ ಅಟ್ಟೆಯಿಲ್ಲದ ಮೂವತ್ತು ಜೊತೆ
ಬಾಯಿ ತೆರೆದುಕೊಂಡು ಕೂತಿವೆ.