ಇದಲೀನಾಳ ಗ್ಯಾರೇಜಿನಲ್ಲಿ ಒಂದು ಸೈಲೆನ್ಸರ್

ಬೆಸುಗೆಯ ಗೆರೆಯುದ್ದಕ್ಕೂ ತುಕ್ಕು. ನಡುವೆ
ಕಿರುಬೆರಳು ತೂರುವಷ್ಟು ತೂತು.
ಇದಲೀನಾ ಅದಕ್ಕೆ ಟಾರ್ಚು ಹಿಡಿದು,
ಡಾಕ್ಟರು ಗಂಟಲು ನೋಡುವ ಹಾಗೆ ನೋಡಿ,
"ಇಪ್ಪತ್ತಾರು ವರ್ಷ ಬಾಯಿ ಮುಚ್ಚಿಕೊಂಡಿತ್ತು, ಪಾಪ" ಎಂದಳು.
"ಕಂಪನಿಯದೇ ಬೇಕೆಂದರೆ ಲಿಸ್ಬನ್ನಿನಿಂದ ಬರಬೇಕು,
ಬೈಕಿನ ಅರ್ಧ ಬೆಲೆ."

ಬೆಂಚಿನ ಮೇಲೆ ಇನ್ನೊಂದು, ಯಾರೋ ಬಿಟ್ಟುಹೋದದ್ದು.
ಟೈಟಾನಿಯಂ. ಬೆಂಕಿ ಸೋಕಿದಲ್ಲಿ
ಪಾರಿವಾಳದ ಕತ್ತಿನ ನೀಲಿ.
ಎತ್ತಿ ನೋಡು ಎಂದಳು. ಎತ್ತಿದೆ.
ಬ್ರೆಡ್ಡಿನಷ್ಟು ಹಗುರ. ಹಳೆಯದು ಹಸುಗೂಸಿನ ಭಾರ,
ಅದೂ ನಿದ್ದೆ ಹೋದ ಕೂಸು.

ನಾನು ಬೆಲ್ಮೀರೊ. ಪಿಯಾನೊಗಳಿಗೆ ಶ್ರುತಿ ಕೂಡಿಸುವವನು.
ಲೊಜಾ ಬೆಟ್ಟದ ಈ ಮಗ್ಗುಲಿನ ಹಳ್ಳಿಗಳಲ್ಲಿ
ಪಿಯಾನೊ ಒಟ್ಟು ಹನ್ನೊಂದು, ಮೂರರೊಳಗೆ ಇಲಿ.
ಬೈಕಿನ ಪೆಟ್ಟಿಗೆಯಲ್ಲಿ ಶ್ರುತಿಕವೆ, ತಂತಿಸುರುಳಿ,
ಫೆಲ್ಟಿನ ಪಟ್ಟಿ, ಒಂದು ತುಂಡು ಚೀಸು.
ಕಿವಿಯೇ ನನ್ನ ಹೊಟ್ಟೆಪಾಡು ಅಂತ
ಕೇಳದವರಿಗೂ ಹೇಳಿಕೊಂಡು ತಿರುಗಿದವನು.

ಆದರೂ ಸುಳ್ಳೇಕೆ:
ಹೊಸದನ್ನು ಕೂರಿಸಿ ಅವಳು ಸ್ಟಾರ್ಟ್ ಮಾಡಿದಾಗ
ಗೋಡೆಗೆ ತೂಗಿದ ಸ್ಪ್ಯಾನರುಗಳೆಲ್ಲ ಜುಂ ಎಂದವು.
ಎದೆಗೂಡಿನಲ್ಲೊಂದು ಮಂದ್ರ,
ಯಾವ ಪಿಯಾನೊದ ಎಡತುದಿಯಲ್ಲೂ ನಾನು ಮುಟ್ಟಿರದದ್ದು.
ಐವತ್ತಮೂರರ ಗಂಡಸು, ಚಪ್ಪಾಳೆ ತಟ್ಟಿಬಿಟ್ಟೆ.

ಅವಳ ತಮ್ಮ ಜಸೀಂತು, ಟೈರಿನ ಮೇಲೆ ಕೂತವನು:
"ಸದ್ದಿದ್ದರೆ ಲಾರಿಯವರು ಜಾಗ ಬಿಡುತ್ತಾರೆ.
ಸುಮ್ಮನಿದ್ದವನನ್ನು ಯಾರೂ ನೋಡುವುದಿಲ್ಲ,
ರಸ್ತೆಯಲ್ಲೂ, ಮದುವೆಮನೆಯಲ್ಲೂ."
ಅವನಿಗಿನ್ನೂ ಮದುವೆಯಾಗಿಲ್ಲ.
"ಒಳಗೆ ಬಿರಡೆ ತುರುಕಿದರೆ ತಪಾಸಣೆ ಪಾಸಾದೀತು," ಎಂದಳು ಅಕ್ಕ,
"ಬಿರಡೆ ತುರುಕುವುದಾದರೆ ದುಡ್ಡು ಯಾಕೆ ಕೊಡಬೇಕು?
ಶನಿವಾರದವರೆಗೆ ಓಡಿಸಿ ನೋಡು."

ಓಡಿಸಿದೆ. ನಲವತ್ತು ಕಿಲೋಮೀಟರು, ನೀಲಗಿರಿ ಮರಗಳ ನಡುವೆ.
ಒಂದೊಂದು ತಿರುವಿನಲ್ಲೂ ಬೆಟ್ಟ
ನನ್ನ ಮಾತನ್ನೇ ನನಗೆ ಹಿಂತಿರುಗಿಸಿತು,
ತುಸು ದೊಡ್ಡದು ಮಾಡಿ.
ಮೇಕೆ ಮೇಯಿಸುವಾಕೆ, ದಿನಾ ಕೈ ಬೀಸುವವಳು,
ಬಿರುಮಳೆಗೆ ನಿಲ್ಲುವಂತೆ ಬೆನ್ನು ಕೊಟ್ಟು ನಿಂತಳು.

ದೋನಾ ಯುಲಾಲಿಯಾರ ಪಿಯಾನೊ. ನಡುವಿನ 'ಲಾ'.
ಒಂದು ಸ್ವರಕ್ಕೆ ಮೂರು ತಂತಿ. ಒಂದನ್ನು ಫೆಲ್ಟಿನಿಂದ ತಡೆದು
ಉಳಿದೆರಡನ್ನು ನುಡಿಸಿದರೆ ನಡುವೆ ಅಲೆ ಏಳುತ್ತದೆ,
ವಾಂ ವಾಂ ವಾಂ.
ತಿರುಪಿದಂತೆಲ್ಲ ಅಲೆ ಸಾವಕಾಶವಾಗಿ,
ವಾಂ… ವಾಂ… ಉದ್ದವಾಗಿ,
ಕೊನೆಗೆ ನಿಂತೇಹೋಗುತ್ತದೆ.
ನಿಂತದ್ದನ್ನು ಕೇಳುವುದು, ಅಷ್ಟೇ ನನ್ನ ಕಸುಬು.

ಆ ದಿನ ಕೇಳಿಸಲಿಲ್ಲ.
ಕಿವಿಯೊಳಗೆ ಬೈಕು ಇನ್ನೂ ಬೆಟ್ಟ ಹತ್ತುತ್ತಿತ್ತು.
ಅಲೆ ನಿಂತಿತೋ,
ನನಗೆ ದಕ್ಕದಷ್ಟು ಸಣ್ಣದಾಯಿತೋ.
ಯುಲಾಲಿಯಾ ನಿಂಬೆಸಿಪ್ಪೆಯ ಬಿಸಿನೀರು ತಂದಿಟ್ಟು
"ಆಯಿತೇ?" ಎಂದರು.
"ಆಯಿತು" ಎಂದೆ. ದುಡ್ಡು ಇಸಿದುಕೊಂಡೆ.
ಇಪ್ಪತ್ತರ ಎರಡು ನೋಟು ಇನ್ನೂ ಜಾಕೀಟಿನಲ್ಲೇ ಇವೆ.
ಸಂಜೆ ಅವರು ನುಡಿಸಲು ಕೂತಿರಬಹುದು.

ಶನಿವಾರ ಹೋಗಿ, ಹಳೆಯದನ್ನೇ ಬೆಸೆದುಕೊಡು ಎಂದೆ.
ಜಸೀಂತು ನಕ್ಕ. ಇದಲೀನಾ ಮುಖಗವಸು ಇಳಿಸಿದಳು,
ಕಿಡಿ ಹಾರಿತು.
ತೂತು ಕಣ್ಣು ಮುಚ್ಚುತ್ತಾ ಬಂದು ಇನ್ನೇನು ಮುಗಿಯಿತು ಎನ್ನುವಾಗ
ಅವಳ ಭುಜ ತಟ್ಟಿದೆ.
"ಒಂಚೂರು ಬಿಡು. ಸೂಜಿಮೊನೆಯಷ್ಟು."
"ಯಾಕೆ?"
ಕಾರಣ ನನ್ನ ಹತ್ತಿರವೂ ಇರಲಿಲ್ಲ.
ಗವಸು ಎತ್ತಿ ನನ್ನನ್ನೊಮ್ಮೆ ನೋಡಿದಳು.
"ಮೇ ತಿಂಗಳ ತಪಾಸಣೆವರೆಗೆ ಮಾತ್ರ."

ಈಗ ಇಳಿಜಾರಿನಲ್ಲಿ ಕೈ ಸಡಿಲಿಸಿದರೆ
ಬೆನ್ನ ಹಿಂದಿನಿಂದ ಒಂದು ಸಣ್ಣ ಸಿಳ್ಳೆ,
'ಲಾ'ಗಿಂತ ಕೂದಲೆಳೆಯಷ್ಟು ಕೆಳಗೆ.
ಶ್ರುತಿ ತಪ್ಪಿದೆ.
ಬಿಟ್ಟಿದ್ದೇನೆ.