ಮುಖಪುಟ

ಅರಸೀಕೆರೆ ಸ್ಟೇಷನ್ನಿನೆದುರು ಹೋಟೆಲಿನಲ್ಲಿ
ಬೋಂಡದೆಣ್ಣೆ ಹೀರಿದ ಹಾಳೆಯ ಮೇಲೆ
ಚೌಕ ಎಳೆದೆ: ಇದು ಮುಖಪುಟ.
‘ಯಾರ ಮುಖ ಹಾಕ್ತೀಯಮ್ಮ?’ ಅಂದರು ಜವರಣ್ಣ.

ಅನಾಥ ಶವಸಂಸ್ಕಾರ ಸಂಘ. ಇಪ್ಪತ್ತೆರಡು ವರ್ಷ,
ಅಧ್ಯಕ್ಷರದೂ ಒಂದು ಫೋಟೊ ಇಲ್ಲ.
ಇರುವುದು ಲೆಕ್ಕದ ಪುಸ್ತಕ:

ಎರಡನೇ ಪ್ಲಾಟ್‌ಫಾರಂ. ಗಂಡಸು. ನೀಲಿ ಚೌಕಳಿ ಅಂಗಿ.
ಬಲ ಮುಂಗೈಲಿ ಹಚ್ಚೆ, ‘ಗಿರಿಜ’.
ಸೌದೆ ಆರುನೂರು. ಹಾರ ಒಂದು, ಸಾಲ.

‘ನಮ್ಮ ಬಗ್ಗೆ’ ಬೇಡ ಅಂದರು ಖಾದರ್ ಸಾಹೇಬರು.
ಗ್ಯಾಲರಿ ಹೊಡೆದುಹಾಕಿದೆ.
ದೇಣಿಗೆ? ಕೆಳಗೆಲ್ಲಾದರೂ, ಸಣ್ಣದಾಗಿ.
ಬಣ್ಣದ ಮಾತೇ ಬರಲಿಲ್ಲ.

ಉಳಿದದ್ದು ಉದ್ದನೆಯ ಖಾಲಿ ಪಟ್ಟಿ,
ಪಕ್ಕದಲ್ಲೊಂದು ಗುಂಡಿ: ಹುಡುಕಿ.

ಟೀ ಆರಿತ್ತು.
‘ಗಿರಿಜಂಗೆ ಓದೋಕೆ ಬರುತ್ತೋ ಇಲ್ವೋ,’
ಅಂದರು ಜವರಣ್ಣ,
‘ಅಕ್ಷರ ದಪ್ಪ ಇರ್ಲಿ.’